ರೆಡಿಸ್ ಲೈಸೆನ್ಸ್ ಗೊಂದಲ: ಒಮ್ಮೆ ಕೊಟ್ಟ ಕೋಡನ್ನು ಕಂಪನಿ ವಾಪಸ್ ಕೇಳಬಹುದೆ?

ರೆಡಿಸ್ ಎಂಬ ಡೇಟಾಬೇಸ್ ತಂತ್ರಾಂಶ ‘ಇನ್ನು ಮುಂದೆ ಓಪನ್ ಸೋರ್ಸ್ ಅಲ್ಲ’, ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದಿ, ಹಂಚಬಹುದಾದದ್ದಲ್ಲ ಎಂದು 2024ರ ಮಾರ್ಚ್‌ನಲ್ಲಿ ಸುದ್ದಿಯಾಯಿತು. ‘ಮತ್ತೆ ಓಪನ್ ಸೋರ್ಸ್ ಆಯಿತು’ ಎಂದು 2025ರ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ. ಹುಡುಕಾಟದ ತಂತ್ರಾಂಶ ಇಲಾಸ್ಟಿಕ್‌ಸರ್ಚ್ ಇದಕ್ಕೂ ಮುಂಚೆ ಹೀಗೇ ಹೋಗಿ, ಈ ನಡುವೆ ಹೀಗೇ ಬಂತು. ಸರ್ವರುಗಳನ್ನು ಸಜ್ಜುಗೊಳಿಸುವ ತಂತ್ರಾಂಶ ಟೆರಾಫಾರ್ಮ್ ಹೋದದ್ದು ಬರಲೇ ಇಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆ, ವಿದ್ಯಾನಗರದ ಕಡೆ ಹತ್ತು ಹದಿನೈದು ಮಂದಿಯನ್ನು ಇಟ್ಟುಕೊಂಡು ಸಾಫ್ಟ್‌ವೇರ್ ಕಂಪನಿ ನಡೆಸುವವರಿಗೆ ಇದನ್ನೆಲ್ಲ ಓದಿದಾಗ ಏಳುವ ಪ್ರಶ್ನೆ ಒಂದೇ: ‘ಪುಕ್ಕಟೆ ಐತಿ ಅಂತ ಹಾಕಿದ್ವಿ, ಈಗ ರೊಕ್ಕ ಕೇಳ್ತಾರೇನು?’

ಬಹುತೇಕರಿಗೆ ಉತ್ತರ ‘ಇಲ್ಲ’. ಆದರೆ ಯಾಕೆ ಇಲ್ಲ, ಯಾರಿಗೆ ಹೌದು, ಮುಂದಿನ ಸಲ ಇಂಥದ್ದೇ ಸುದ್ದಿ ಬಂದಾಗ ಏನನ್ನು ನೋಡಬೇಕು ಎಂಬುದು ತಿಳಿಯಬೇಕಾದರೆ ಲೈಸೆನ್ಸಿನ ಹೆಸರನ್ನಷ್ಟೇ ಓದಿದರೆ ಸಾಲದು. ಕೋಡಿನ ಕಾಪಿರೈಟ್ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕು. ಗೊಂದಲದ ಬೇರು ಇರುವುದು ಅಲ್ಲಿ.

ನಡೆದದ್ದೇನು

ರೆಡಿಸ್ ಹುಟ್ಟಿದ್ದು 2009ರಲ್ಲಿ, ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಅವರ ಕೈಯಲ್ಲಿ. ಮಾಹಿತಿಯನ್ನು ಡಿಸ್ಕಿನ ಬದಲು ಮೆಮೊರಿಯಲ್ಲೇ ಇಟ್ಟುಕೊಂಡು ಚಕಚಕನೆ ಕೊಡುವುದು ಅದರ ಕೆಲಸ. ಟಿಕೆಟ್ ಬುಕಿಂಗ್‌ನಿಂದ ಹಿಡಿದು ಬಿಲ್ಲಿಂಗ್ ತನಕ ನಾವು ದಿನಾ ಬಳಸುವ ಎಷ್ಟೋ ವೆಬ್‌ಸೈಟುಗಳ ಹಿಂದೆ ಇಂಥದ್ದೊಂದು ಕೂತಿರುತ್ತದೆ. ಮೊದಲಿನಿಂದಲೂ ಅದರ ಲೈಸೆನ್ಸ್ ಬಿಎಸ್‌ಡಿ. ಅಂದರೆ ಬಳಸಿ, ಬದಲಿಸಿ, ಮಾರಿ, ನಿಮ್ಮ ಗುಟ್ಟಿನ ಉತ್ಪನ್ನದೊಳಗೆ ಸೇರಿಸಿಕೊಳ್ಳಿ. ನಮ್ಮ ಕಾಪಿರೈಟ್ ಸೂಚನೆಯನ್ನು ಮಾತ್ರ ಅಳಿಸಬೇಡಿ, ನಿಮ್ಮ ಸರಕಿನ ಪ್ರಚಾರಕ್ಕೆ ನಮ್ಮ ಹೆಸರು ಎಳೆಯಬೇಡಿ ಎನ್ನುವಷ್ಟೇ ಷರತ್ತು.

2024ರ ಮಾರ್ಚ್‌ನಲ್ಲಿ ರೆಡಿಸ್ ಕಂಪನಿ 7.4ನೇ ಆವೃತ್ತಿಯಿಂದ ಮುಂದಕ್ಕೆ ಬಿಎಸ್‌ಡಿಯನ್ನು ಕೈಬಿಟ್ಟು ಎರಡು ಹೊಸ ಲೈಸೆನ್ಸ್ ಮುಂದಿಟ್ಟಿತು. ಒಂದು, ರೆಡಿಸ್‌ನದೇ ಆದ ಆರ್‌ಎಸ್‌ಎಎಲ್. ಇನ್ನೊಂದು, ಮಾಂಗೊಡಿಬಿ ಕಂಪನಿ 2018ರಲ್ಲಿ ಬರೆದ ಎಸ್‌ಎಸ್‌ಪಿಎಲ್. ಎರಡರಲ್ಲೂ ಕೋಡ್ ಕಣ್ಣಿಗೆ ಕಾಣುತ್ತದೆ, ಡೌನ್‌ಲೋಡ್ ಮಾಡಬಹುದು. ಆದರೆ ಮೊದಲನೆಯದರಲ್ಲಿ ರೆಡಿಸ್ ಅನ್ನೇ ಒಂದು ಸೇವೆಯಾಗಿ ಬೇರೆಯವರಿಗೆ ಮಾರುವಂತಿಲ್ಲ. ಎರಡನೆಯದರಲ್ಲಿ ಮಾರಬಹುದು, ಆದರೆ ಆ ಸೇವೆ ನಡೆಸಲು ಬಳಸುವ ಬ್ಯಾಕಪ್, ನಿರ್ವಹಣೆ, ಮೇಲ್ವಿಚಾರಣೆಯ ಸಮಸ್ತ ಕೋಡನ್ನೂ ಎಲ್ಲರಿಗೂ ಬಿಟ್ಟುಕೊಡಬೇಕು. ಸರ್ವರುಗಳನ್ನು ಬಾಡಿಗೆಗೆ ಕೊಡುವ ಯಾವ ಕ್ಲೌಡ್ ಕಂಪನಿಯೂ ಇದಕ್ಕೆ ಒಪ್ಪುವುದಿಲ್ಲ ಎಂದು ಬರೆದವರಿಗೂ ಗೊತ್ತಿತ್ತು.

ಆ ತಿಂಗಳು ಮುಗಿಯುವುದರೊಳಗೆ ಹಳೆಯ ಬಿಎಸ್‌ಡಿ ಕೋಡನ್ನು ಎತ್ತಿಕೊಂಡು ‘ವ್ಯಾಲ್ಕಿ’ ಎಂಬ ಕವಲು ಲಿನಕ್ಸ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಅಡಿಯಲ್ಲಿ ಶುರುವಾಯಿತು. ಬೆನ್ನಿಗೆ ನಿಂತವರು ಅಮೆಜಾನ್, ಗೂಗಲ್, ಒರಾಕಲ್‌ನಂಥವರು. ಫೆಡೋರಾ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ತನ್ನ 41ನೇ ಆವೃತ್ತಿಯಲ್ಲಿ ರೆಡಿಸ್ ತೆಗೆದು ವ್ಯಾಲ್ಕಿಯನ್ನೇ ಇಟ್ಟಿತು. 2025ರ ಮೇ ತಿಂಗಳಲ್ಲಿ ರೆಡಿಸ್ 8 ಬಂದಾಗ ಕಂಪನಿ ಮೂರನೆಯ ಆಯ್ಕೆಯಾಗಿ ಎಜಿಪಿಎಲ್ ಸೇರಿಸಿತು. ಇದು ಎಲ್ಲರೂ ಒಪ್ಪುವ ಓಪನ್ ಸೋರ್ಸ್ ಲೈಸೆನ್ಸ್, ಷರತ್ತು ಮಾತ್ರ ಬಿಗಿ (ವಿವರ ಮುಂದಿದೆ). ಅಲ್ಲಿಗೆ ‘ವಾಪಸ್ ಬಂತು’ ಎಂಬ ಸುದ್ದಿ. ಆದರೆ ವಾಪಸ್ ಬಂದದ್ದು ಹೊರಟ ಜಾಗಕ್ಕಲ್ಲ. ಬಿಎಸ್‌ಡಿ ಎಲ್ಲಿ, ಎಜಿಪಿಎಲ್ ಎಲ್ಲಿ!

ಲೈಸೆನ್ಸ್ ಎಂಬುದು ಕಾಪಿರೈಟಿನ ಮೇಲೆ ನಿಂತದ್ದು

ಭಾರತದ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ‘ಸಾಹಿತ್ಯ ಕೃತಿ’ ಎಂದು ಪರಿಗಣಿಸುತ್ತದೆ. ಕಥೆ, ಕವನಕ್ಕೆ ಇರುವ ರಕ್ಷಣೆಯೇ ಕೋಡಿಗೂ ಉಂಟು. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ‘ಎಲ್ಲ ಹಕ್ಕು ಕಾಯ್ದಿರಿಸಿದೆ’ ಎಂದು ಬರೆಯಬೇಕಾದ್ದೂ ಇಲ್ಲ.

ಹಾಗಾಗಿ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಯಾರೋ ಇಟ್ಟ ಕೋಡಿಗೆ ಲೈಸೆನ್ಸ್ ಫೈಲೇ ಇಲ್ಲದಿದ್ದರೆ ಅದು ‘ಯಾರದ್ದೂ ಅಲ್ಲದ’ ಕೋಡಲ್ಲ. ಪೂರ್ತಿ ಬರೆದವರದ್ದೇ. ನೋಡಲು ಅಡ್ಡಿಯಿಲ್ಲ, ನಿಮ್ಮ ಉತ್ಪನ್ನದೊಳಗೆ ಹಾಕಲು ಅನುಮತಿ ಇಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಅತಿ ಹೆಚ್ಚು ಮರೆತುಹೋಗುವ ಸಂಗತಿ ಇದೇ ಇರಬೇಕು. ಪ್ರಾಜೆಕ್ಟ್ ವೈವಾದಲ್ಲಿ ಯಾರೂ ಕೇಳುವುದಿಲ್ಲ. ಅದೇ ಪ್ರಾಜೆಕ್ಟ್ ಸ್ಟಾರ್ಟಪ್ ಆಗಿ, ಹಣ ಹಾಕುವವರು ಬಂದು, ಅವರ ವಕೀಲರು ಪಟ್ಟಿ ಕೇಳಿದಾಗ ಎದೆ ಹೊಡೆದುಕೊಳ್ಳುತ್ತದೆ.

ಲೈಸೆನ್ಸುಗಳಲ್ಲಿ ಎರಡು ದೊಡ್ಡ ಮನೆತನ. ಎಂಐಟಿ, ಬಿಎಸ್‌ಡಿ, ಅಪಾಚೆ ಒಂದು ಕಡೆ: ತಗೊಂಡು ಏನಾದರೂ ಮಾಡಿ, ಸೂಚನೆ ಉಳಿಸಿ. ಈ ‘ಸೂಚನೆ ಉಳಿಸಿ’ ಎಂಬುದು ಕಾಟಾಚಾರದ ಮಾತಲ್ಲ. ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ತೆಗೆದು ಸೆಟ್ಟಿಂಗ್ಸ್, ಅಬೌಟ್ ಫೋನ್, ಲೀಗಲ್ ಇನ್ಫರ್ಮೇಶನ್ ಎಂದು ಒಳಹೊಕ್ಕರೆ ಥರ್ಡ್ ಪಾರ್ಟಿ ಲೈಸೆನ್ಸ್ ಎಂಬ ಪುಟ ಸಿಗುತ್ತದೆ. ಬೆರಳು ನೋಯುವ ತನಕ ಕೆಳಗೆಳೆದರೂ ಮುಗಿಯದು. ಫೈಲಿನ ಹೆಸರು, ಕಾಪಿರೈಟ್ ಸಾಲು, ಇಸವಿ, ಅದೇ ಷರತ್ತುಗಳು ಮತ್ತೆ ಮತ್ತೆ. ಆ ಪುಟವನ್ನು ಯಾರೂ ಓದುವುದಿಲ್ಲ, ಆದರೂ ಕೋಟ್ಯಂತರ ಫೋನುಗಳಲ್ಲಿ ಅದು ಇರಲೇಬೇಕು. ಒಂದು ಸಣ್ಣ ಮೊಬೈಲ್ ಆ್ಯಪ್ ಮಾಡಿ ಪ್ಲೇ ಸ್ಟೋರಿಗೆ ಹಾಕುವ ಧಾರವಾಡದ ಕಂಪನಿಗೂ ಅದೇ ನಿಯಮ.

ಇನ್ನೊಂದು ಕಡೆ ಜಿಪಿಎಲ್ ಬಳಗ. ಫ್ರೀ ಸಾಫ್ಟ್‌ವೇರ್ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಮೊದಲ ಆವೃತ್ತಿ ತಂದರು. 1991ರಲ್ಲಿ ಎರಡನೆಯದು, 2007ರಲ್ಲಿ ಮೂರನೆಯದು. ಇಲ್ಲಿ ಷರತ್ತು ಬಿಗಿ: ಈ ಕೋಡನ್ನು, ಇಲ್ಲವೇ ಇದರ ಮೇಲೆ ಕಟ್ಟಿದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಸೋರ್ಸ್ ಕೋಡನ್ನೂ (ಪ್ರೋಗ್ರಾಮರು ಬರೆದ ಮೂಲ ಪಠ್ಯ) ಅದೇ ಲೈಸೆನ್ಸಿನಲ್ಲಿ ಅವರಿಗೆ ಕೊಡಬೇಕು. ಹಣ ತೆಗೆದುಕೊಳ್ಳಬಾರದೆಂದು ಜಿಪಿಎಲ್ ಎಲ್ಲೂ ಹೇಳಿಲ್ಲ. ಪಡೆದವರು ಅದನ್ನು ಮತ್ತೊಬ್ಬರಿಗೆ ಹಂಚುವುದನ್ನು ತಡೆಯಬಾರದು ಎನ್ನುತ್ತದೆ, ಅಷ್ಟೇ.

ಜಿಪಿಎಲ್ ಎಚ್ಚರಗೊಳ್ಳುವುದು ಕೋಡ್ ಕೈ ಬದಲಿಸಿದಾಗ. ನಿಮ್ಮ ಸರ್ವರಿನಲ್ಲೇ ಇಟ್ಟುಕೊಂಡು ಗ್ರಾಹಕರು ಬ್ರೌಸರಿನಲ್ಲಿ ಬಳಸುವಂತೆ ಮಾಡಿದರೆ ಕೋಡ್ ಕೈ ಬದಲಿಸಿದಂತಾಗುವುದಿಲ್ಲ. ಕ್ಲೌಡ್ ಕಾಲದಲ್ಲಿ ಈ ಸಂದಿ ಹೆಬ್ಬಾಗಿಲಾಯಿತು. ಅದನ್ನು ಮುಚ್ಚಲೆಂದೇ ಬಂದದ್ದು 2007ರ ಎಜಿಪಿಎಲ್ ಮೂರನೇ ಆವೃತ್ತಿ: ಕೋಡನ್ನು ಬದಲಿಸಿ ನೆಟ್‌ವರ್ಕಿನ ಮೇಲೆ ಬಳಕೆಗೆ ಕೊಟ್ಟರೂ ಬಳಕೆದಾರರಿಗೆ ಸೋರ್ಸ್ ಸಿಗುವಂತೆ ಮಾಡಬೇಕು.

ಹಾಗಾದರೆ ಲೈಸೆನ್ಸ್ ಬದಲಿಸಿದ್ದು ಹೇಗೆ?

ಮೊದಲು ಭಯ ಬಿಡಬೇಕಾದ ವಿಷಯ. ಬಿಎಸ್‌ಡಿ ಲೈಸೆನ್ಸಿನಲ್ಲಿ ಹೊರಬಂದ ರೆಡಿಸ್ 7.2 ಇಂದಿಗೂ ಬಿಎಸ್‌ಡಿಯೇ. ಷರತ್ತು ಪಾಲಿಸುವ ತನಕ ಆ ಆವೃತ್ತಿಗೆ ಕೊಟ್ಟ ಅನುಮತಿ ಹಾಗೇ ಇರುತ್ತದೆ. ವ್ಯಾಲ್ಕಿ ಹುಟ್ಟಲು ಸಾಧ್ಯವಾದದ್ದೇ ಅದರಿಂದ. ಬದಲಾಗುವುದು ಮುಂದಿನ ಆವೃತ್ತಿಗಳ ಷರತ್ತು. ಆದರೆ ಭದ್ರತಾ ದೋಷ ಕಂಡಾಗ ಸರಿಪಡಿಸುವ ಪ್ಯಾಚ್ ಬರುವುದೂ ಸಾಮಾನ್ಯವಾಗಿ ಮುಂದಿನ ಆವೃತ್ತಿಗಳಲ್ಲೇ. ಹಳೆಯದನ್ನು ಹಿಡಿದು ಕೂರಲು ಕಾನೂನು ಬಿಡುತ್ತದೆ, ಹ್ಯಾಕರು ಬಿಡುವುದಿಲ್ಲ.

ಮುಂದಿನ ಆವೃತ್ತಿಯ ಲೈಸೆನ್ಸನ್ನು ಒಬ್ಬರೇ ಬದಲಿಸಲು ಎರಡು ದಾರಿ ಇವೆ.

ಮೊದಲನೆಯದು, ಲೈಸೆನ್ಸೇ ಸಡಿಲವಾಗಿರುವುದು. ಬಿಎಸ್‌ಡಿ ಕೋಡನ್ನು ಯಾರು ಬೇಕಾದರೂ ಬೇರೆ ಷರತ್ತಿನ ಉತ್ಪನ್ನದೊಳಗೆ ಹಾಕಬಹುದು ಎಂದಮೇಲೆ ಮೂಲ ಕಂಪನಿಯೂ ಹಾಕಬಹುದು. ಹೊರಗಿನ ನೂರಾರು ಜನ ಬರೆದ ಕೋಡ್ ಒಳಗಿದ್ದರೂ ಅವರನ್ನು ಕೇಳಬೇಕಿಲ್ಲ. ರೆಡಿಸ್ ಹೋದದ್ದು ಈ ದಾರಿಯಲ್ಲಿ.

ಎರಡನೆಯದು, ಹೊರಗಿನವರು ಕೋಡ್ ಕೊಡುವಾಗಲೇ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವುದು. ಸಿಎಲ್‌ಎ ಎನ್ನುತ್ತಾರೆ. ಅದರಲ್ಲಿ ‘ನನ್ನ ಕೋಡನ್ನು ಯಾವ ಷರತ್ತಿನಲ್ಲಾದರೂ ಹಂಚುವ ಹಕ್ಕು ಕಂಪನಿಗೆ ಇದೆ’ ಎಂಬ ಸಾಲಿದ್ದರೆ ಲೈಸೆನ್ಸ್ ಎಷ್ಟೇ ಬಿಗಿಯಿದ್ದರೂ ಕಂಪನಿಯ ಕೈ ಕಟ್ಟಿರುವುದಿಲ್ಲ. ಮಾಂಗೊಡಿಬಿ ಮೊದಲು ಇದ್ದದ್ದು ಎಜಿಪಿಎಲ್‌ನಲ್ಲೇ! ಆದರೂ 2018ರಲ್ಲಿ ಅದು ಎಸ್‌ಎಸ್‌ಪಿಎಲ್‌ಗೆ ಹೋಯಿತು, ಯಾಕೆಂದರೆ ಹಕ್ಕು ಪೂರ್ತಿ ಒಂದೇ ಕಡೆ ಇತ್ತು. ಬಿಗಿ ಲೈಸೆನ್ಸ್ ನಮ್ಮ ನಿಮ್ಮನ್ನು ಕಟ್ಟಿಹಾಕುತ್ತದೆ, ಕಾಪಿರೈಟ್ ಒಡೆಯನನ್ನು ಕಟ್ಟಿಹಾಕುವುದಿಲ್ಲ.

ಇದಕ್ಕೆ ತದ್ವಿರುದ್ಧ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳು. 1992ರಿಂದ ಜಿಪಿಎಲ್ ಅಡಿಯಲ್ಲಿದೆ, ಎರಡನೇ ಆವೃತ್ತಿ ಮಾತ್ರ. ಸಾವಿರಾರು ಜನ, ನೂರಾರು ಕಂಪನಿಗಳು ಬರೆದ ಕೋಡ್. ಅವರವರ ಕಾಪಿರೈಟ್ ಅವರವರ ಬಳಿಯೇ ಇದೆ. ಕೋಡ್ ಕೊಡುವಾಗ ಹಕ್ಕು ಬಿಟ್ಟುಕೊಡಬೇಕಿಲ್ಲ, ‘ಸೈನ್ಡ್ ಆಫ್ ಬೈ’ ಎಂದು ಹೆಸರು ಬರೆದು ‘ಇದನ್ನು ಕೊಡುವ ಅಧಿಕಾರ ನನಗಿದೆ’ ಎಂದು ದೃಢೀಕರಿಸಿದರೆ ಸಾಕು. ವ್ಯಾಲ್ಕಿ ಕೂಡ ಈ ಪದ್ಧತಿಯನ್ನೇ ಇಟ್ಟುಕೊಂಡಿದೆ. ಅದನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ನಾಳೆ ಬೆಳಿಗ್ಗೆ ಎದ್ದು ಕರ್ನಲಿನ ಲೈಸೆನ್ಸ್ ಬದಲಿಸುತ್ತೇನೆಂದರೂ ಆಗದು; ಎಲ್ಲರನ್ನೂ ಕೇಳಬೇಕು, ತೀರಿಕೊಂಡವರ ವಾರಸುದಾರರನ್ನೂ. ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನ ಯೋಜನೆ ತನ್ನ ಹಳೆಯ ಲೈಸೆನ್ಸಿನಿಂದ ಅಪಾಚೆಗೆ ಹೋಗಲು ಕೋಡ್ ಕೊಟ್ಟವರನ್ನೆಲ್ಲ ಹುಡುಕಿ ಒಪ್ಪಿಗೆ ಪಡೆಯುವುದರಲ್ಲಿ ವರ್ಷಗಳೇ ಹೋದವು. ಹೊಸ ಲೈಸೆನ್ಸಿನ 3.0 ಆವೃತ್ತಿ ಬಂದದ್ದು 2021ರ ಸೆಪ್ಟೆಂಬರಿನಲ್ಲಿ.

ಯಾವುದಾದರೂ ತಂತ್ರಾಂಶದ ಮೇಲೆ ಹತ್ತು ವರ್ಷದ ವ್ಯಾಪಾರ ಕಟ್ಟುವ ಮುನ್ನ ಲೈಸೆನ್ಸ್ ಫೈಲ್ ಜೊತೆಗೆ ಕಾಂಟ್ರಿಬ್ಯೂಟಿಂಗ್ ಎಂಬ ಫೈಲನ್ನೂ ತೆಗೆದು ನೋಡುವುದು ಒಳ್ಳೆಯದು. ಮೊದಲನೆಯದು ಇವತ್ತಿನ ಷರತ್ತು ಹೇಳುತ್ತದೆ, ಎರಡನೆಯದು ಅದನ್ನು ನಾಳೆ ಬದಲಿಸುವ ಅಧಿಕಾರ ಯಾರಿಗಿದೆ ಎಂಬುದನ್ನು.

ಕಂಪನಿಗಳ ವಾದದಲ್ಲಿ ಹುರುಳಿಲ್ಲವೆ?

ಇದೆ. ರೆಡಿಸ್, ಇಲಾಸ್ಟಿಕ್, ಮಾಂಗೊಡಿಬಿ, ಟೆರಾಫಾರ್ಮಿನ ಒಡೆಯ ಹ್ಯಾಶಿಕಾರ್ಪ್ ಎಲ್ಲವೂ ಹೇಳುವುದು ಒಂದೇ ಮಾತು: ಎಂಜಿನಿಯರುಗಳಿಗೆ ಸಂಬಳ ಕೊಟ್ಟು ಕೋಡ್ ಬರೆಸುವವರು ನಾವು; ಅದನ್ನು ತಮ್ಮ ಯಂತ್ರಗಳ ಮೇಲೆ ಹಾಕಿ ತಿಂಗಳ ಬಾಡಿಗೆಗೆ ಬಿಟ್ಟು ದುಡ್ಡು ಎಣಿಸುವವರು ದೊಡ್ಡ ಕ್ಲೌಡ್ ಕಂಪನಿಗಳು. ಬಿಎಸ್‌ಡಿ, ಅಪಾಚೆ ಲೈಸೆನ್ಸಿನಲ್ಲಿ ಇದು ಪೂರ್ತಿ ಕಾನೂನುಬದ್ಧ. ಕಾನೂನುಬದ್ಧ ಆದದ್ದೇ ಅವರ ಸಂಕಟ.

ಎದುರಿನವರ ಮಾತೂ ತೂಕದ್ದೇ. ಈ ತಂತ್ರಾಂಶಗಳು ಲಕ್ಷಾಂತರ ಕಡೆ ಹಬ್ಬಿದ್ದು ಸಡಿಲ ಲೈಸೆನ್ಸ್ ಇದ್ದದ್ದರಿಂದಲೇ. ಜಗತ್ತು ಪುಕ್ಕಟೆ ಪರೀಕ್ಷೆ ಮಾಡಿಕೊಟ್ಟಿತು, ದೋಷ ತೋರಿಸಿತು, ಕೋಡನ್ನೂ ಕೊಟ್ಟಿತು. ಮಾರುಕಟ್ಟೆ ಕೈಗೆ ಬಂದ ಮೇಲೆ ಷರತ್ತು ಬದಲಿಸುವುದು ನಂಬಿ ಬಂದವರಿಗೆ ಬಗೆದ ದ್ರೋಹ ಎಂಬುದು ಅವರ ದೂರು. ಓಪನ್ ಸೋರ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆ 1998ರಿಂದ ಯಾವ ಲೈಸೆನ್ಸ್ ಓಪನ್ ಸೋರ್ಸ್ ಎನ್ನಿಸಿಕೊಳ್ಳಬಹುದು ಎಂದು ಪರಿಶೀಲಿಸುತ್ತ ಬಂದಿದೆ. ಇಂಥ ಉದ್ಯೋಗಕ್ಕೆ ಬಳಸಬಹುದು, ಇಂಥದ್ದಕ್ಕೆ ಬಾರದು ಎಂದು ಭೇದ ಮಾಡಬಾರದೆಂಬುದು ಅದರ ಹತ್ತು ಮಾನದಂಡಗಳಲ್ಲಿ ಒಂದು. ಎಸ್‌ಎಸ್‌ಪಿಎಲ್ ಅದಕ್ಕೆ ಒಗ್ಗುವುದಿಲ್ಲ ಎಂದು ಆ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಮಾಂಗೊಡಿಬಿ ಒಪ್ಪಿಗೆಗೆ ಅರ್ಜಿ ಹಾಕಿ 2019ರಲ್ಲಿ ತಾನೇ ಹಿಂತೆಗೆದುಕೊಂಡಿತ್ತು.

ಇದು ಬಡ ಪ್ರೋಗ್ರಾಮರಿಗೂ ದೊಡ್ಡ ಬಂಡವಾಳಕ್ಕೂ ನಡುವಿನ ಜಗಳ ಎಂದು ಚಿತ್ರಿಸುವುದು ಮಾತ್ರ ಪೂರ್ತಿ ನಿಜವಲ್ಲ. ಲೈಸೆನ್ಸ್ ಬದಲಿಸಿದವರ ಹಿಂದೆ ಹೂಡಿಕೆದಾರರು, ಕವಲೊಡೆದವರ ಹಿಂದೆ ಅಮೆಜಾನ್, ಗೂಗಲ್. 2023ರ ಆಗಸ್ಟಿನಲ್ಲಿ ಟೆರಾಫಾರ್ಮ್ ಲೈಸೆನ್ಸ್ ಬದಲಿಸಿದ ಹ್ಯಾಶಿಕಾರ್ಪನ್ನು ಐಬಿಎಂ 640 ಕೋಟಿ ಡಾಲರಿಗೆ ಕೊಳ್ಳುವುದಾಗಿ ಮುಂದಿನ ವರ್ಷವೇ ಘೋಷಿಸಿತು. ಇಬ್ಬರು ದೊಡ್ಡವರ ಲೆಕ್ಕಾಚಾರದಲ್ಲಿ ನಡುವೆ ಸಿಕ್ಕವರು ಸಣ್ಣ ಕಂಪನಿಗಳು.

ಇಲಾಸ್ಟಿಕ್, ರೆಡಿಸ್ ಎರಡೂ ಎಜಿಪಿಎಲ್‌ಗೆ ಯಾಕೆ ಬಂದವು ಎಂಬುದಕ್ಕೂ ಇಲ್ಲೇ ಸುಳಿವಿದೆ. 2021ರಲ್ಲಿ ಇಲಾಸ್ಟಿಕ್ ಹೋದಾಗ ಅಮೆಜಾನ್ ‘ಓಪನ್‌ಸರ್ಚ್’ ಎಂಬ ಕವಲು ತೆಗೆಯಿತು. ರೆಡಿಸ್ ಹೋದಾಗ ವ್ಯಾಲ್ಕಿ. ಯಾರನ್ನು ಹೊರಗಿಡಬೇಕೆಂದು ಬಾಗಿಲು ಹಾಕಿದರೋ ಅವರು ಪಕ್ಕದಲ್ಲೇ ಇನ್ನೊಂದು ಮನೆ ಕಟ್ಟಿಕೊಂಡರು. ಒಳಗೆ ಉಳಿದವರಿಗೆ ‘ಓಪನ್ ಸೋರ್ಸ್’ ಎಂಬ ಹೆಸರೂ ಇಲ್ಲದಾಯಿತು. ಎಜಿಪಿಎಲ್ ಆ ಹೆಸರನ್ನು ಮರಳಿ ಕೊಡುತ್ತದೆ, ದೊಡ್ಡ ಕಂಪನಿಗಳಿಗೆ ಅದನ್ನು ಮುಟ್ಟಲು ಅಳುಕೂ ಇರುತ್ತದೆ.

ಗೋಕುಲ ರಸ್ತೆಯ ಕಂಪನಿಗೆ ಇದರಿಂದ ಏನು?

ಒಂದು ಉದಾಹರಣೆ ಹಿಡಿಯೋಣ. ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು ತಾರಿಹಾಳದ ಕಾರ್ಖಾನೆಗೆ ಇಆರ್‌ಪಿನೆಕ್ಸ್ಟ್ ಹಾಕಿಕೊಡುತ್ತದೆ ಎಂದುಕೊಳ್ಳಿ: ಸ್ಟಾಕು, ಖರೀದಿ, ಜಿಎಸ್‌ಟಿ ಬಿಲ್ಲು. ಇಆರ್‌ಪಿನೆಕ್ಸ್ಟ್ ಮುಂಬೈಯ ಫ್ರಾಪೆ ಕಂಪನಿಯದು, ಲೈಸೆನ್ಸ್ ಜಿಪಿಎಲ್ ಮೂರು. ಅದರ ಅಡಿಪಾಯವಾದ ಫ್ರಾಪೆ ಫ್ರೇಮ್‌ವರ್ಕ್ ಎಂಐಟಿ. ಓಡಲು ಮರಿಯಾಡಿಬಿ ಎಂಬ ಡೇಟಾಬೇಸ್ ಬೇಕು, ರೆಡಿಸ್ ಬೇಕು. ಒಂದೇ ಡಬ್ಬಿಯಲ್ಲಿ ನಾಲ್ಕು ಬಗೆಯ ಷರತ್ತು.

ರೆಡಿಸ್ ವಿಷಯ ಮೊದಲು. ಇಲ್ಲಿ ಯಾರೂ ರೆಡಿಸ್ ಅನ್ನು ಸೇವೆಯಾಗಿ ಮಾರುತ್ತಿಲ್ಲ. ಕಾರ್ಖಾನೆಯ ಲೆಕ್ಕಿಗರಿಗೆ ರೆಡಿಸ್ ಎಂಬುದೊಂದು ಇದೆ ಎಂದೂ ಗೊತ್ತಿರುವುದಿಲ್ಲ. ಅದು ಹಿಂದೆ ಕೂತು ಕೆಲಸ ಮಾಡುತ್ತದೆ. ನಿರ್ಬಂಧದ ಆರ್‌ಎಸ್‌ಎಎಲ್ ಷರತ್ತಿಗೂ ಈ ಬಳಕೆ ಅಡ್ಡ ಬರುವುದಿಲ್ಲ. ಎಜಿಪಿಎಲ್ ಆರಿಸಿಕೊಂಡರೂ, ರೆಡಿಸ್‌ನ ಕೋಡನ್ನೇ ತಿದ್ದದಿದ್ದರೆ ನೆಟ್‌ವರ್ಕ್ ಷರತ್ತು ಎಚ್ಚರಗೊಳ್ಳುವುದಿಲ್ಲ. ಬೇಡದ ತಲೆನೋವು ಅನ್ನಿಸಿದರೆ ವ್ಯಾಲ್ಕಿ ಹಾಕಬಹುದು. ಅದು ರೆಡಿಸ್ 7.2ರಿಂದಲೇ ಕವಲೊಡೆದದ್ದಾದ್ದರಿಂದ ಹಳೆಯ ಆಜ್ಞೆಗಳೆಲ್ಲ ಅದರಲ್ಲೂ ನಡೆಯುತ್ತವೆ. ಆದರೆ ಎರಡೂ ಕಡೆ ಹೊಸ ಸೌಲಭ್ಯಗಳು ಬೇರೆ ಬೇರೆಯಾಗಿ ಬೆಳೆಯುತ್ತಿವೆ. ವರ್ಷ ಕಳೆದಷ್ಟೂ ಒಂದರಿಂದ ಇನ್ನೊಂದಕ್ಕೆ ಹಾರುವುದು ಕಷ್ಟವಾಗುತ್ತದೆ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇಆರ್‌ಪಿನೆಕ್ಸ್ಟ್‌ನ ಜಿಪಿಎಲ್ ಬಗ್ಗೆ. ಕಾರ್ಖಾನೆಗೆಂದು ಒಳಗಿನ ಕೋಡನ್ನು ತಿದ್ದಿ ಅವರದೇ ಸರ್ವರಿನಲ್ಲಿ ಹಾಕಿಕೊಟ್ಟರೆ ಅದು ಕೈ ಬದಲಿಸಿದಂತೆ. ತಿದ್ದಿದ ಸೋರ್ಸ್ ಕಾರ್ಖಾನೆಯವರಿಗೆ ಸಿಗಲೇಬೇಕು. ಊರಿಗೆಲ್ಲ ಹಂಚಬೇಕಿಲ್ಲ, ಗಿಟ್‌ಹಬ್‌ಗೆ ಹಾಕಬೇಕಿಲ್ಲ. ಆ ಗ್ರಾಹಕರಿಗೆ ಕೊಟ್ಟರೆ ಸಾಕು. ಆದರೆ ನಾಳೆ ಆ ಕಾರ್ಖಾನೆಯವರು ಅದನ್ನೇ ಪಕ್ಕದ ಶೆಡ್ಡಿನವರಿಗೆ ಕೊಟ್ಟರೆ ತಡೆಯುವಂತಿಲ್ಲ. ಕರಾರಿನಲ್ಲಿ ‘ಈ ಸಾಫ್ಟ್‌ವೇರನ್ನು ಮೂರನೆಯವರಿಗೆ ಕೊಡತಕ್ಕದ್ದಲ್ಲ’ ಎಂಬ ಹಳೆಯ ಸಾಲನ್ನು ಅಭ್ಯಾಸಬಲದಿಂದ ಉಳಿಸಿದರೆ ಲೈಸೆನ್ಸ್ ಮುರಿದಂತಾಗುತ್ತದೆ. ಇಲ್ಲಿನ ಎಷ್ಟೋ ಕರಾರುಪತ್ರಗಳು ಒಂದೇ ಮೂಲದಿಂದ ನಕಲಾಗಿ ಬಂದವಾದ್ದರಿಂದ ಈ ಸಾಲು ಹೆಚ್ಚಾಗಿ ಅದರಲ್ಲಿ ಇದ್ದೇ ಇರುತ್ತದೆ.

ಅದೇ ತಂತ್ರಾಂಶವನ್ನು ಹುಬ್ಬಳ್ಳಿ ಕಂಪನಿ ತನ್ನ ಸರ್ವರಿನಲ್ಲಿಟ್ಟು ಕಾರ್ಖಾನೆಗೆ ಲಾಗಿನ್ ಮಾತ್ರ ಕೊಟ್ಟರೆ ತಿದ್ದಿದ ಸೋರ್ಸ್ ಕೊಡುವ ಹೊಣೆ ಜಿಪಿಎಲ್ ಪ್ರಕಾರ ಇಲ್ಲ. ಒಂದೇ ಕೋಡ್, ಒಂದೇ ಗ್ರಾಹಕ. ಸರ್ವರ್ ಯಾರದ್ದು ಎಂಬುದರ ಮೇಲೆ ಹೊಣೆ ಬದಲಾಗುತ್ತದೆ. ಕೊಟೇಶನ್ ಬರೆಯುವಾಗ ‘ಹೋಸ್ಟಿಂಗ್ ಸೇರಿ’ ಮತ್ತು ‘ಹೋಸ್ಟಿಂಗ್ ಬಿಟ್ಟು’ ಎಂಬ ಎರಡು ಸಾಲಿನ ನಡುವೆ ಬೆಲೆಯ ವ್ಯತ್ಯಾಸದ ಜೊತೆ ಈ ಕಾನೂನಿನ ವ್ಯತ್ಯಾಸವೂ ಇದೆ.

ಫ್ರೇಮ್‌ವರ್ಕಿನ ಮೇಲೆ ಬೇರೆಯಾಗಿ ಕಟ್ಟಿದ ಆ್ಯಪ್ ನಿಮ್ಮದೇ, ಯಾವ ಲೈಸೆನ್ಸ್ ಬೇಕಾದರೂ ಹಾಕಿಕೊಳ್ಳಿ. ಇಆರ್‌ಪಿನೆಕ್ಸ್ಟ್‌ನ ಒಳಗಿನ ಭಾಗಗಳನ್ನು ಕರೆದು ಬಳಸುವ ಆ್ಯಪ್ ಅದರ ‘ಮೇಲೆ ಕಟ್ಟಿದ ಕೃತಿ’ಯೋ ಅಲ್ಲವೋ ಎಂಬುದು ವಕೀಲರು ಇನ್ನೂ ವಾದಿಸುವ ಪ್ರಶ್ನೆ. ಗ್ರಾಹಕರಿಂದ ಮುಚ್ಚಿಡುವಂಥದ್ದೇನೂ ಇಲ್ಲದಿದ್ದರೆ ಅದನ್ನೂ ಜಿಪಿಎಲ್ ಅಡಿಯಲ್ಲೇ ಕೊಟ್ಟುಬಿಡುವುದು ಅಗ್ಗದ ದಾರಿ. ಇಂಥ ಕೆಲಸದಲ್ಲಿ ಹಣ ಬರುವುದು ಹೇಗಿದ್ದರೂ ಅಳವಡಿಕೆ, ತರಬೇತಿ, ವರ್ಷದ ನಿರ್ವಹಣೆಯಿಂದ.

ಕೋಡ್ ಬೇರೆ, ಹೆಸರು ಬೇರೆ

ಕೋಡನ್ನು ಬಿಟ್ಟುಕೊಟ್ಟ ಲೈಸೆನ್ಸ್ ಹೆಸರನ್ನು ಬಿಟ್ಟುಕೊಡುವುದಿಲ್ಲ. ಹೆಸರಿಗೆ ಟ್ರೇಡ್‌ಮಾರ್ಕ್ ಎಂಬ ಬೇರೆಯೇ ಕಾನೂನು. ರಾಣೆಬೆನ್ನೂರು ಸುತ್ತ ಬೀಜೋತ್ಪಾದನೆ ಮಾಡುವವರಿಗೆ ಈ ವ್ಯತ್ಯಾಸ ಹೊಸದಲ್ಲ: 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತ ತಾನು ಬೆಳೆದ ಬೀಜವನ್ನು ಉಳಿಸಿ ಬಿತ್ತಬಹುದು, ಹಂಚಬಹುದು, ಮಾರಬಹುದು, ಬ್ರಾಂಡ್ ಹಾಕಿ ಪೊಟ್ಟಣ ಕಟ್ಟಿ ಮಾರುವಂತಿಲ್ಲ. ರೆಡಿಸ್ ಕೋಡ್ ಎತ್ತಿಕೊಂಡವರು ವ್ಯಾಲ್ಕಿ ಎಂದು ಹೊಸ ಹೆಸರಿಡಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ನಮ್ಮ ಕಡೆಯ ಕಾಲೇಜು ಗ್ರಂಥಾಲಯದವರಿಗೆ ಪರಿಚಯವಿರುವ ಕೊಹಾ ತಂತ್ರಾಂಶದ ಕಥೆ ಇಲ್ಲಿ ನೆನೆಯುವಂಥದ್ದು. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟ್ ಮಾಡಿಸಿದ ಇದು 2000ದಲ್ಲಿ ಜಿಪಿಎಲ್ ಅಡಿಯಲ್ಲಿ ಹೊರಬಂತು. ಕೋಡ್ ಎಲ್ಲರದ್ದು. ಆದರೆ ಅಮೆರಿಕದ ಕಂಪನಿಯೊಂದು ನ್ಯೂಜಿಲೆಂಡಿನಲ್ಲೇ ‘ಕೊಹಾ’ ಹೆಸರಿನ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿತು. ಆ ಹೆಸರನ್ನು ಉಳಿಸಿಕೊಳ್ಳಲು ಟ್ರಸ್ಟ್ ದೇಣಿಗೆ ಎತ್ತಿ ಹೋರಾಡಬೇಕಾಯಿತು, ಕೊನೆಗೆ ಗೆದ್ದಿತು.

ಫಾಂಟುಗಳ ಲೋಕದಲ್ಲೂ ಹೀಗೇ. ನೋಟೊ, ಅನೇಕ್ ಕನ್ನಡ, ಬಲೂ ತಮ್ಮ ಮುಂತಾದವು ಓಎಫ್‌ಎಲ್ ಎಂಬ ಲೈಸೆನ್ಸಿನಲ್ಲಿವೆ. ಲಗ್ನಪತ್ರಿಕೆಗೆ, ಫ್ಲೆಕ್ಸಿಗೆ, ಪುಸ್ತಕಕ್ಕೆ ಬಳಸಿ ಹಣ ಗಳಿಸಲು ಅಡ್ಡಿಯಿಲ್ಲ. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ಕಾಯ್ದಿರಿಸಿದ ಹೆಸರಿದ್ದರೆ, ಅಕ್ಷರ ತಿದ್ದಿದ ಮೇಲೆ ಆ ಹೆಸರಲ್ಲೇ ಹಂಚುವಂತಿಲ್ಲ. ಕಾಸು ಕೊಡದೆ ನಕಲು ಮಾಡಿಕೊಂಡ ದುಬಾರಿ ಫಾಂಟು ಕಂಪ್ಯೂಟರಿನಲ್ಲಿಟ್ಟುಕೊಂಡು ಕೂತ ಪ್ರಿಂಟಿಂಗ್ ಪ್ರೆಸ್ಸುಗಳು ಇತ್ತ ಒಮ್ಮೆ ನೋಡಬಹುದು.

ಮುರಿದರೆ ಏನಾಗುತ್ತದೆ?

‘ಅಮೆರಿಕದವರು ಬಂದು ಹುಬ್ಬಳ್ಳ್ಯಾಗ ಕೇಸ್ ಹಾಕ್ತಾರೇನು’ ಎಂಬ ಮಾತು ಕೇಳಲು ಚೆನ್ನ. ಕೇಸು ಹಾಕುವವರು ಅಪರೂಪ, ನಿಜ. ಆದರೆ ಪೆಟ್ಟು ಬೀಳುವುದು ಬೇರೆ ದಾರಿಯಲ್ಲಿ.

ಫ್ರಾನ್ಸಿನಲ್ಲಿ ಒರಾಂಜ್ ಎಂಬ ದೊಡ್ಡ ಟೆಲಿಕಾಂ ಕಂಪನಿ ಸರ್ಕಾರದ ನಾಗರಿಕ ಸೇವಾ ಪೋರ್ಟಲಿನ ಟೆಂಡರ್ ಹಿಡಿದು, ಅದರೊಳಗೆ ಒಂದು ಸಣ್ಣ ಸಂಸ್ಥೆಯ ಜಿಪಿಎಲ್ ಲೈಬ್ರರಿಯನ್ನು (ಸಿದ್ಧ ಕೋಡಿನ ಕಟ್ಟು) ಷರತ್ತು ಪಾಲಿಸದೆ ಬಳಸಿತು. ವರ್ಷಗಟ್ಟಲೆ ಎಳೆದ ಆ ಮೊಕದ್ದಮೆಯಲ್ಲಿ 2024ರ ಫೆಬ್ರವರಿಯಲ್ಲಿ ಪ್ಯಾರಿಸ್ ಮೇಲ್ಮನವಿ ನ್ಯಾಯಾಲಯ 6 ಲಕ್ಷ ಯೂರೊಗೂ ಮಿಕ್ಕಿ ಪರಿಹಾರ ಕೊಡಿಸಿತು. ಸರ್ಕಾರಿ ಟೆಂಡರಿಗೆ ಕೋಡ್ ಬರೆಯುವ ಯಾರಿಗಾದರೂ ಇದು ಹತ್ತಿರದ ಉದಾಹರಣೆ. ಪರಿಣಾಮ ಒಳ್ಳೆಯದಾಗಿಯೂ ತಿರುಗಿದ್ದುಂಟು: 2003ರಲ್ಲಿ ಲಿಂಕ್‌ಸಿಸ್‌ನ ವೈಫೈ ರೌಟರಿನಲ್ಲಿ ಲಿನಕ್ಸ್ ಇದ್ದೂ ಸೋರ್ಸ್ ಕೊಟ್ಟಿಲ್ಲವೆಂದು ಜನ ಪಟ್ಟು ಹಿಡಿದರು, ಕಂಪನಿ ಕೊಟ್ಟಿತು, ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ರೌಟರ್ ತಂತ್ರಾಂಶವೇ ಹುಟ್ಟಿತು.

ನಮ್ಮ ಕಾಯ್ದೆಯಲ್ಲೂ ಷರತ್ತು ಮುರಿದು ಬಳಸಿದರೆ ಅದು ಕಾಪಿರೈಟ್ ಉಲ್ಲಂಘನೆ. ಸಿವಿಲ್ ಪರಿಹಾರವೂ ಇದೆ, 63ನೇ ಕಲಮಿನಡಿ ಜೈಲು, ದಂಡವೂ ಇದೆ. ಆದರೆ ನಮ್ಮ ಕಾಯ್ದೆಯಲ್ಲಿ ಇನ್ನೊಂದು ಗಂಟೂ ಇದೆ. 19ನೇ ಕಲಮಿನ ಪ್ರಕಾರ ಕಾಪಿರೈಟ್ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ತಿಳಿಯತಕ್ಕದ್ದು. 30ಎ ಕಲಮು ಈ ನಿಯಮವನ್ನು ತಕ್ಕ ಮಾರ್ಪಾಡಿನೊಂದಿಗೆ ಲೈಸೆನ್ಸಿಗೂ ಅನ್ವಯಿಸುತ್ತದೆ. ಅವಧಿಯ ಮಾತೇ ಎತ್ತದ ಎಂಐಟಿಯಂಥ ಚಿಕ್ಕ ಲೈಸೆನ್ಸುಗಳಿಗೆ ಇದು ಹೇಗೆ ಹೊಂದುತ್ತದೆ ಎಂದು ಕಾನೂನು ಬಲ್ಲವರು ಚರ್ಚಿಸುತ್ತಾರೆ. ಜಿಪಿಎಲ್ ಮೂರರಲ್ಲಿ ‘ಕಾಪಿರೈಟ್ ಇರುವ ತನಕ’ ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ.

ಈ ಕಲಮು ನಮ್ಮ ಫ್ರೀಲಾನ್ಸರುಗಳಿಗೆ ಇನ್ನೂ ನೇರವಾಗಿ ತಾಗುತ್ತದೆ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಕೋಡಿನ ಮೊದಲ ಒಡೆಯ, ಬೇರೆ ಕರಾರು ಇಲ್ಲದಿದ್ದರೆ, ಕಂಪನಿ. ಮನೆಯಲ್ಲಿ ಕೂತು ಬಿಡಿ ಕೆಲಸ ಮಾಡಿಕೊಡುವ ಹುಡುಗ ಬರೆದದ್ದು ಹಾಗಲ್ಲ. ಬರಹದಲ್ಲಿ ವರ್ಗಾಯಿಸುವ ತನಕ ಸಾಮಾನ್ಯವಾಗಿ ಅವನದೇ. ‘ರೊಕ್ಕ ಕೊಟ್ಟೀವಲ್ಲ’ ಎಂಬುದು ಸಾಲದು. ಕಂಪನಿಗೆ ತನ್ನದಲ್ಲದ ಕೋಡಿಗೆ ಯಾವ ಲೈಸೆನ್ಸನ್ನೂ ಹಾಕುವ ಅಧಿಕಾರವಿಲ್ಲ, ಓಪನ್ ಸೋರ್ಸ್ ಲೈಸೆನ್ಸನ್ನೂ ಸಹ.

ಎಐ ಮಾಡೆಲುಗಳ ಹೊಸ ಗೊಂದಲ

‘ಓಪನ್’ ಎಂದು ಕರೆದುಕೊಳ್ಳುವ ಎಐ ಮಾಡೆಲುಗಳಲ್ಲೂ ಇದೇ ತಕರಾರು ನಡೆದಿದೆ. ಮೆಟಾ ಕಂಪನಿಯ ಲಾಮಾ ಡೌನ್‌ಲೋಡಿಗೆ ಸಿಗುತ್ತದೆ. ಆದರೆ ಮಾಡೆಲ್ ಬಿಡುಗಡೆಯ ಹೊತ್ತಿಗೇ ತಿಂಗಳಿಗೆ 70 ಕೋಟಿಗೂ ಹೆಚ್ಚು ಬಳಕೆದಾರರಿದ್ದ ಕಂಪನಿಗಳು ಬೇರೆ ಅನುಮತಿ ಪಡೆಯಬೇಕು, ಬಳಕೆಯ ಮೇಲೂ ಒಂದಿಷ್ಟು ನಿಷೇಧಗಳಿವೆ. ಇದು ಓಪನ್ ಸೋರ್ಸ್ ಅಲ್ಲವೆಂದು ಓಪನ್ ಸೋರ್ಸ್ ಇನಿಶಿಯೇಟಿವ್ ಹೇಳಿದೆ. 2024ರ ಅಕ್ಟೋಬರಿನಲ್ಲಿ ಎಐಗೆಂದೇ ಪ್ರತ್ಯೇಕ ವ್ಯಾಖ್ಯೆಯನ್ನೂ ಹೊರಡಿಸಿತು. ಹುಬ್ಬಳ್ಳಿಯ ಯಾವ ಕಂಪನಿಗೂ 70 ಕೋಟಿ ಬಳಕೆದಾರರ ಚಿಂತೆ ಸದ್ಯಕ್ಕಿಲ್ಲ. ಬಳಕೆಯ ನಿಷೇಧಗಳ ಪಟ್ಟಿಯನ್ನು ಮಾತ್ರ ಓದಬೇಕು.

ಮುಂದೆ ಏನು ಬದಲಾಗಬಹುದು

ಲೈಸೆನ್ಸ್ ವಿಷಯ ಇಷ್ಟು ದಿನ ಕೋಡ್ ಬರೆಯುವವರ ಆತ್ಮಸಾಕ್ಷಿಗೆ ಬಿಟ್ಟದ್ದಾಗಿತ್ತು. ಇನ್ನು ಅದು ಕಾಗದಪತ್ರದ ಭಾಗವಾಗುತ್ತಿದೆ. ಕೇಂದ್ರ ಸರ್ಕಾರದ 2015ರ ನೀತಿ ಇ-ಆಡಳಿತದ ಟೆಂಡರುಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಲು ಹೇಳಿತ್ತು. 2024ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ತನ್ನ ಸೈಬರ್ ಭದ್ರತಾ ಚೌಕಟ್ಟಿನಲ್ಲಿ, ತಂತ್ರಾಂಶದೊಳಗೆ ಏನೇನಿದೆ ಎಂಬ ಘಟಕಪಟ್ಟಿ ಬೇಕೆಂದು ಸೇರಿಸಿತು. ಅದೇ ವರ್ಷ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್ ಆ ಪಟ್ಟಿ ಹೇಗಿರಬೇಕೆಂಬ ಮಾರ್ಗಸೂಚಿ ಹೊರಡಿಸಿತು. ಘಟಕದ ಹೆಸರು, ಆವೃತ್ತಿ, ಪೂರೈಸಿದವರು, ಲೈಸೆನ್ಸ್: ಎಲ್ಲಕ್ಕೂ ಅದರಲ್ಲಿ ಜಾಗವಿದೆ. ದೊಡ್ಡವರ ಮೇಲೆ ಬಿದ್ದ ನಿಯಮ ಅವರಿಗೆ ಕೆಲಸ ಮಾಡಿಕೊಡುವ ಸಣ್ಣವರ ಕರಾರಿಗೆ ಇಳಿಯಲು ಹೆಚ್ಚು ದಿನ ಬೇಕಿಲ್ಲ.

ಯುರೋಪಿಗೆ ಡಿಜಿಟಲ್ ಸಾಧನ, ತಂತ್ರಾಂಶ ಕಳಿಸುವವರಿಗೆ ಇನ್ನೂ ನಿಖರ ಗಡುವುಗಳಿವೆ. ಅಲ್ಲಿನ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರಿನಿಂದ ಜಾರಿಯಲ್ಲಿದೆ. ದೋಷ ವರದಿ ಮಾಡುವ ಹೊಣೆ 2026ರ ಸೆಪ್ಟೆಂಬರ್ 11ರಿಂದ, ಉಳಿದ ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ. ಸಂಭಾವನೆಯಿಲ್ಲದೆ ಓಪನ್ ಸೋರ್ಸ್ ಬರೆಯುವವರನ್ನು ಕಾಯ್ದೆ ಹೊರಗಿಟ್ಟಿದೆ. ಅದೇ ಕೋಡನ್ನು ತನ್ನ ಸರಕಿನೊಳಗೆ ಹಾಕಿ ಮಾರುವವರನ್ನು ಹೊರಗಿಟ್ಟಿಲ್ಲ. ದೋಷ ಕಂಡಾಗ ಉತ್ತರ ಕೊಡಬೇಕಾದವರು ಮಾರಿದವರು.

ಇಂಥ ಪಟ್ಟಿಯಲ್ಲಿ ‘ರೆಡಿಸ್, ಲೈಸೆನ್ಸ್: ಓಪನ್ ಸೋರ್ಸ್’ ಎಂದು ಬರೆದರೆ ಈಗ ನಡೆಯುವುದಿಲ್ಲ. 7.2 ಇದ್ದರೆ ಬಿಎಸ್‌ಡಿ. 7.4 ಇದ್ದರೆ ಆರ್‌ಎಸ್‌ಎಎಲ್ ಇಲ್ಲವೆ ಎಸ್‌ಎಸ್‌ಪಿಎಲ್. 8 ಇದ್ದರೆ ಮೂರರಲ್ಲಿ ಯಾವುದನ್ನು ಆರಿಸಿಕೊಂಡಿದ್ದೀರಿ ಎಂದು ನೀವೇ ಬರೆಯಬೇಕು.